ಎಲೆ ಮಲ್ಲಪ್ಪಶೆಟ್ಟರ ಕೆರೆ

(ಶ್ರೀಮಠದ ಸುವರ್ಣಮಹೋತ್ಸವದ ಅಂಗವಾಗಿ ಮಂಗಳೂರಿನಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)





ಮಹೋತ್ಸವ ಸಮಿತಿಯವರು ನನಗೆ ಗೊತ್ತುಮಾಡಿಕೊಟ್ಟ ವಿಷಯವು ‘ಲೋಕೋಪಕಾರಿಗಳಾದ ವರ್ತಕರು’ ಎಂಬುದು. ಪಾಠಶಾಲೆಯಲ್ಲಿ ವ್ಯಾಕರಣ, ಅಲಂಕಾರ, ವಚನಶಾಸ್ತ್ರಗಳನ್ನು ಓದಿ, ಇಂದಿಗೂ ಅವುಗಳಲ್ಲಿಯೇ ಕಾಲ ಕಳೆಯುತ್ತಿರುವ ನನ್ನಂತಹವನಿಗೆ ವ್ಯಾಪಾರದ ಲೆಕ್ಕಾಚಾರವು ಬಹುದೂರದ ಮಾತು. ಆದರೂ ಒಪ್ಪಿಕೊಂಡೆನು. ಏಕೆಂದರೆ ಈ ವಿಷಯವನ್ನು ಕೇಳಿದೊಡನೆಯೇ ಒಬ್ಬ ಪುಣ್ಯಪುರುಷರ ಹೆಸರು ನನ್ನ ನಾಲಗೆಗೆ ಬಂದಿತು. ಅನೇಕ ವರ್ತಕರ ಹೆಸರುಗಳನ್ನು ಸಾಲಾಗಿ ಪಠಿಸುವುದಕ್ಕಿಂತ ಆ ಒಬ್ಬರನ್ನೇ ನೆನೆಯುವುದು ಲೇಸೆಂದು ಎಣಿಸಿರುವೆನು.

ನಾವು ಮಂಗಳೂರಿನವರು ಬೆಂಗಳೂರಿಗೆ ಹೋಗಬೇಕಾದರೆ ಬಂಟ್ವಾಳದಿಂದ ಶಿರಾಡಿ ಘಾಟಿಯನ್ನೇರಿ, ಸಕಲೇಶಪುರ ಹಾಸನಗಳ ಮೇಲೆ ಹಾದುಹೋಗುವ 75ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿಯುವೆವಷ್ಟೆ. ನಮ್ಮಲ್ಲಿ ಬಹು ಮಂದಿಗೆ ಆ ದಾರಿಯು ಬೆಂಗಳೂರಿಗೇ ಮುಗಿದುಹೋಗುತ್ತದೆ. ನಿಜವಾಗಿ ಅದು ಅಲ್ಲಿಗೆ ಮುಗಿಯುವುದಿಲ್ಲ. ಊರಿನ ಪೂರ್ವಕ್ಕೆ ಹಳೆಯ ಮದರಾಸು ರಸ್ತೆಯೆಂಬ ಹೆಸರನ್ನು ಧರಿಸಿ, ಕೃಷ್ಣರಾಜಪುರವನ್ನು ದಾಟಿ, ಹೊಸಕೋಟೆ, ಕೋಲಾರ, ಮುಳಬಾಗಿಲುಗಳನ್ನು ಹಾದು ತಮಿಳುನಾಡಿನ ವೆಲ್ಲೂರಿನವರೆಗೂ ಹೋಗುತ್ತದೆ. ಕೃಷ್ಣರಾಜಪುರಕ್ಕೂ ಹೊಸಕೋಟೆಗೂ ನಡುವೆ, ಮೇಡಹಳ್ಳಿ ಆವಲಹಳ್ಳಿಗಳ ಬಳಿ, ಆ ಹೆದ್ದಾರಿಯ ಮಗ್ಗುಲಿಗೆ ಒಂದು ದೊಡ್ಡ ಕೆರೆಯಿರುವುದು. ಅದೇ ಎಲೆ ಮಲ್ಲಪ್ಪಶೆಟ್ಟಿ ಕೆರೆ. ನಮ್ಮ ನೇತ್ರಾವತಿಯ ದಂಡೆಯಿಂದ ಹೊರಟ ದಾರಿಯೇ ಅಲ್ಲಿಗೂ ಮುಟ್ಟುವುದರಿಂದ ಆ ಕೆರೆಯು ನಮಗೆ ತೀರ ಪರದೇಶಿಯೇನೂ ಅಲ್ಲ.

ನಾನು ಬೆಂಗಳೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕೋಲಾರದ ಕಡೆಯ ಸಹಪಾಠಿಯೊಬ್ಬನ ಊರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆನು. ಒಮ್ಮೆ ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧನೊಬ್ಬನು ಕಾಲ ಬಳಿ ಒದ್ದೆಬಟ್ಟೆ ಸುತ್ತಿದ ವೀಳ್ಯದೆಲೆಯ ಪೆಂಡಿಯನ್ನಿಟ್ಟುಕೊಂಡಿದ್ದನು. ಕಿಟಕಿಯ ಹೊರಗೆ ನೀರು ಕಾಣಿಸಿದೊಡನೆ ಆತನು ಆ ಕಡೆಗೆ ಕೈಮಾಡಿ, “ನಮ್ಮ ಎಲೆ ವ್ಯಾಪಾರದೋರೇ ಕಟ್ಟಿಸಿದ್ದು ಸಾಮಿ ಇದು” ಎಂದನು. ಆ ಮಾತಿನಲ್ಲಿದ್ದ ಹೆಮ್ಮೆ ಎಷ್ಟೆಂಬುದು ಆಗ ನನಗೆ ತಿಳಿಯಲಿಲ್ಲ. ಅರಮನೆಯನ್ನು ತೋರಿಸಿ ಇದು ನಮ್ಮವರದೆಂದು ಹೇಳುವ ಹಾಗೆ ಆತನು ಹೇಳಿದ್ದನು.

ರಾವ್ ಬಹಾದ್ದೂರ್ ಎಲೆ ಮಲ್ಲಪ್ಪಶೆಟ್ಟರು ಬೆಂಗಳೂರಿನ ದೊಡ್ಡ ವೀಳ್ಯದೆಲೆಯ ವರ್ತಕರು. ಮಳೆ ತಪ್ಪಿ ಜನರು ನೀರಿಗಾಗಿ ಬಾಯಿಬಿಡುತ್ತಿದ್ದ ಕಾಲದಲ್ಲಿ ತಮ್ಮ ಗಳಿಕೆಯ ದ್ರವ್ಯವನ್ನು ಕೊಟ್ಟು ಈ ಕೆರೆಯನ್ನು ಕಟ್ಟಿಸಿದರೆಂಬುದು ಪ್ರಸಿದ್ಧವಾಗಿದೆ. ಬಾಣಂತಿಯರ ಆಸ್ಪತ್ರೆಗೂ ಅವರು ಧನವನ್ನಿತ್ತವರು. ಅವರ ಕಾಲದ ಮೈಸೂರು ಸೀಮೆಯ ಸ್ಥಿತಿಯನ್ನು ಮನಸ್ಸಿಗೆ ತಂದುಕೊಂಡರೆ ಈ ದಾನದ ತೂಕವು ಗೊತ್ತಾದೀತು. 1876ರಿಂದ 1878ರವರೆಗೆ ಬಿದ್ದ ಬರವನ್ನು ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದೇ ಕರೆಯುತ್ತಿದ್ದರು. ಆ ಬರದಲ್ಲಿ ಸಂಸ್ಥಾನದ ಪ್ರಜೆಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಅಳಿದುಹೋಯಿತು. ಅಂತಹ ಶತಮಾನದಲ್ಲಿ ಬಾಳಿದ ವರ್ತಕನಿಗೆ ಬರವೆಂಬುದು ಪತ್ರಿಕೆಯ ಸಮಾಚಾರವಲ್ಲ. ಅಂಗಡಿಯ ಮುಂದೆ ಬಂದು ನಿಂತ ಮುಖ.

ಹೆಸರಿನ ಹಿಂದಿನ ‘ಎಲೆ’ ಎಂಬ ಎರಡಕ್ಷರವನ್ನು ಸ್ವಲ್ಪ ವಿಚಾರಿಸೋಣ. ಸರಕಾರದವರು ಕೊಟ್ಟ ಬಿರುದು ರಾವ್ ಬಹಾದ್ದೂರ್. ಜನರು ಕೊಟ್ಟ ಬಿರುದು ‘ಎಲೆ’. ಬಿರುದಾವಳಿಯು ಕಾಗದದಲ್ಲಿ ಉಳಿಯಿತು, ಕಾಯಕದ ಹೆಸರು ಕೆರೆಗೆ ಅಂಟಿಕೊಂಡಿತು. ಇದು ಶಾಸನ ಹಾಕಿಸಿ ಇಟ್ಟ ಹೆಸರಿನಂತೆ ತೋರುವುದಿಲ್ಲ. ಜನರ ಬಾಯಿಯೇ ಇಟ್ಟ ಹೆಸರಿನಂತಿದೆ. ಹನ್ನೆರಡನೆಯ ಶತಮಾನದ ಶರಣರನ್ನು ನಾವು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಕಾಯಕದೊಡನೆ ಕರೆಯುವುದು ಇದೇ ಕ್ರಮದಿಂದಲೇ. ಆ ಶರಣರಲ್ಲಿ ಎಲೆಗಾರ ಕಾಮಣ್ಣನೆಂಬ ಒಬ್ಬನಿದ್ದನೆಂಬುದನ್ನು ನಮ್ಮ ಭಕ್ತರು ಅಷ್ಟಾಗಿ ನೆನೆಯುವುದಿಲ್ಲ. ವೀಳ್ಯದೆಲೆಯನ್ನು ಮಾರುವುದೇ ಅವನ ಕಾಯಕವಾಗಿತ್ತು.

ಎಲೆಯ ವ್ಯಾಪಾರವು ಅಕ್ಕಿ ಬೆಲ್ಲಗಳ ವ್ಯಾಪಾರದಂತಲ್ಲ. ಕಣಜದಲ್ಲಿ ತುಂಬಿ ಬೆಲೆಯೇರುವವರೆಗೆ ಕಾದುಕೊಂಡಿರಲು ಬರುವುದಿಲ್ಲ. ಬಳ್ಳಿಯಿಂದ ಕೊಯ್ದ ಎಲೆಯನ್ನು ನೂರರ ಲೆಕ್ಕದಲ್ಲಿ ಕಟ್ಟಿ, ಬಾಳೆಯೆಲೆಯನ್ನು ಸುತ್ತಿ, ಗಳಿಗೆಗೊಮ್ಮೆ ನೀರು ಚಿಮುಕಿಸದಿದ್ದರೆ ಎರಡು ಮೂರು ದಿನಗಳಲ್ಲಿ ಬಾಡಿ, ಕೊಳೆತು ಹೋಗುವುದು. ಬಳ್ಳಿಗಾದರೂ ಅಷ್ಟೆ, ಅದಕ್ಕೆ ತಂಪು ಬೇಕು, ನೆರಳು ಬೇಕು, ಬೇಸಗೆಯಲ್ಲಿಯೂ ಬಿಡದೆ ತೇವ ಬೇಕು. ನಮ್ಮ ಕರಾವಳಿಯಲ್ಲಿ ಅಡಕೆಯ ಮರವನ್ನು ತಬ್ಬಿ ಬೆಳೆಯುವ ಎಲೆಬಳ್ಳಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಯಲುಸೀಮೆಯಲ್ಲಿ ಕೆರೆಯ ಕೆಳಗಿನ ತೋಟವಲ್ಲದೆ ಎಲೆಬಳ್ಳಿಗೆ ಗತಿಯಿಲ್ಲ. ಆದುದರಿಂದ ಎಲೆಯ ವರ್ತಕನು ಮಾರುವುದು ಎಲೆಯ ಆಕಾರವನ್ನು ತಾಳಿದ ನೀರನ್ನೇ ಎಂದರೆ ತಪ್ಪಾಗಲಾರದು. ಶೆಟ್ಟರು ಹೀಗೆಯೇ ಯೋಚಿಸಿದರೆಂದು ನಾನು ಹೇಳಲಾರೆನು. ಅವರ ಮನಸ್ಸನ್ನು ಕಂಡವರಾರು? ಆದರೆ ನೀರಿನಿಂದ ಬಂದ ಹಣವು ನೀರಿಗೇ ಹೋಯಿತೆಂಬುದು ನನಗೆ ಬಹಳ ಸೊಗಸಾಗಿ ಕಾಣುತ್ತದೆ. ‘ನೀರಿಗೆ ಹೋಯಿತು’ ಎಂಬ ಮಾತನ್ನು ನಾವು ನಷ್ಟವಾಯಿತೆಂಬ ಅರ್ಥದಲ್ಲಿ ಬಳಸುವೆವು. ಶೆಟ್ಟರ ವಿಷಯದಲ್ಲಿ ಮಾತ್ರ ಆ ಅರ್ಥವು ತಿರುಗುಮುರುಗಾಗಿದೆ.

ಕೆರೆಯನ್ನು ಕಟ್ಟಿಸುವುದೆಂದರೇನು? ಹಳ್ಳದ ಅಡ್ಡಕ್ಕೆ ಮಣ್ಣು ಹಾಕಿಸಿದರೆ ಕೆರೆಯಾಗುವುದಿಲ್ಲ. ಏರಿಯನ್ನು ಕಟ್ಟಿ, ಒಳಮೈಗೆ ಅಲೆಗಲ್ಲು ಜೋಡಿಸಬೇಕು. ಗದ್ದೆಗೆ ನೀರು ಬಿಡುವ ತೂಬನ್ನಿಡಬೇಕು. ತುಂಬಿ ಮಿಕ್ಕ ನೀರು ಏರಿಯನ್ನು ಕೊರೆಯದೆ ಹರಿದುಹೋಗಲು ಕೋಡಿಯನ್ನು ಕಟ್ಟಬೇಕು. ಮೇಲಿನ ಕೆರೆಯ ಕೋಡಿಯ ನೀರು ಕೆಳಗಿನ ಕೆರೆಗೆ ಬರುವಂತೆ ಕಾಲುವೆಗಳಿರಬೇಕು. ಬೆಂಗಳೂರಿನ ಸುತ್ತಲಿನ ಕೆರೆಗಳೆಲ್ಲ ಹೀಗೆ ಒಂದರ ಕೆಳಗೊಂದು ಸರದ ಮಣಿಗಳಂತೆ ಪೋಣಿಸಲ್ಪಟ್ಟವುಗಳು. ಹೆಬ್ಬಾಳದ ಕೆರೆಯ ನೀರು ನಾಗವಾರಕ್ಕೆ, ಅಲ್ಲಿಂದ ಕಲ್ಕೆರೆ, ರಾಂಪುರಗಳಿಗೆ ಇಳಿದು, ಕೊನೆಗೆ ನಮ್ಮ ಶೆಟ್ಟರ ಕೆರೆಯನ್ನು ಸೇರುವುದು. ಅದು ಕೋಡಿ ಹರಿದರೆ ನೀರು ದಕ್ಷಿಣ ಪಿನಾಕಿನಿಯನ್ನು ಕೂಡಿ, ತಮಿಳುನಾಡಿನಲ್ಲಿ ಪೆಣ್ಣೈಯಾರೆಂಬ ಹೆಸರಿನಿಂದ ಹರಿದು, ಕಡಲೂರಿನ ಬಳಿ ಸಮುದ್ರಕ್ಕೆ ಬೀಳುವುದು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿದ್ದ ಸ್ಯಾಂಕಿ ಸಾಹೇಬರು ಈ ಕೆರೆಗಳ ಜಾಲವನ್ನು ಕಂಡು, ಹೊಸದಾಗಿ ಒಂದು ಕೆರೆ ಕಟ್ಟಿಸುವುದಕ್ಕೆ ಸ್ಥಳವನ್ನು ಹುಡುಕಬೇಕಾದರೆ ಬುದ್ಧಿಯನ್ನು ಬಹಳವಾಗಿ ಖರ್ಚುಮಾಡಬೇಕೆಂಬ ಅಭಿಪ್ರಾಯವನ್ನು ಬರೆದಿಟ್ಟಿರುವರು. ಅಂತಹ ಸೀಮೆಯಲ್ಲಿಯೂ ನೂರಾರು ಎಕರೆಯ ಕೆರೆಗೆ ಸ್ಥಳ ಸಿಕ್ಕಿತು, ಕಟ್ಟಿಸುವ ಮನಸ್ಸೂ ಸಿಕ್ಕಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಸಮಾಧಾನ ಹೇಳಬೇಕಾಗಿದೆ. ಹೋದ ವರ್ಷ ಶ್ರಾವಣದ ಪ್ರವಚನದಲ್ಲಿ ನಾನು ಈ ಪ್ರಸಂಗವನ್ನು ಎತ್ತಿದಾಗ ತರುಣ ಶಿಷ್ಯರೊಬ್ಬರು, “ಕೆರೆ ಬಾವಿಗಳನ್ನು ತೋಡಿಸುವುದು ಹೊರಗಿನ ಪುಣ್ಯಕರ್ಮವಲ್ಲವೇ? ಸೊನ್ನಲಿಗೆಯ ಸಿದ್ಧರಾಮನನ್ನು ಅಲ್ಲಮಪ್ರಭುಗಳು ಇದಕ್ಕಾಗಿಯೇ ಆಕ್ಷೇಪಿಸಲಿಲ್ಲವೇ?” ಎಂದು ಕೇಳಿದರು. ಪ್ರಶ್ನೆಯು ಯೋಗ್ಯವಾದುದು. ಶೂನ್ಯಸಂಪಾದನೆಯ ಕಥೆಯು ತಮಗೆಲ್ಲರಿಗೂ ತಿಳಿದದ್ದೇ. ಸಿದ್ಧರಾಮನು ಸೊನ್ನಲಿಗೆಯಲ್ಲಿ, ಎಂದರೆ ಈಗಿನ ಸೊಲ್ಲಾಪುರದಲ್ಲಿ, ಕೆರೆಯನ್ನು ಅಗೆಸುತ್ತಿದ್ದಾಗ ಪ್ರಭುಗಳು ಬಂದು, ಎಲ್ಲಿ ಆ ಒಡ್ಡನೆಂದು ಕೇಳಿದರು. ಅಗೆಯುತ್ತಿದ್ದವರು ಸಿಟ್ಟಾಗಿ ಕಲ್ಲೆಸೆದರು. ಸಿದ್ಧರಾಮನು ಕೋಪದಿಂದ ಬಂದನು, ವಾದವಾಯಿತು, ಕೊನೆಗೆ ಪ್ರಭುಗಳ ಹಿಂದೆ ಕಲ್ಯಾಣಕ್ಕೆ ನಡೆದನು. ಇಷ್ಟನ್ನು ಓದಿ ಕೆರೆಯೇ ಬೇಡವೆಂದು ಪ್ರಭುಗಳು ಹೇಳಿದರೆಂದು ತಿಳಿಯುವುದು ಅವಸರದ ಓದು. ‘ನಾನು ಕಟ್ಟಿಸಿದೆನು’ ಎಂಬ ಮಮಕಾರವನ್ನು ಪ್ರಭುಗಳು ಒಡೆದರೇ ಹೊರತು ಏರಿಯನ್ನು ಒಡೆಯಲಿಲ್ಲ. ಪ್ರಭುಗಳೂ ಸಿದ್ಧರಾಮನೂ ಹೊರಟುಹೋದ ಮೇಲೆಯೂ ಆ ಕೆರೆಯು ನಿಂತಿತು. ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯು ಇಂದಿಗೂ ನೀರಿನ ನಡುವೆಯೇ ಇದೆ. ರಾಘವಾಂಕನು ಸಿದ್ಧರಾಮನ ಚಾರಿತ್ರವನ್ನು ಬರೆಯುವಾಗ ಆ ಕೆರೆಯನ್ನು ಮರೆಮಾಡಲಿಲ್ಲ. ವಿಜಯನಗರದ ಅಮಾತ್ಯ ಲಕ್ಷ್ಮೀಧರನ ಶಾಸನದಲ್ಲಿ ತಾಯಿಯು ಹಾಲುಣಿಸುತ್ತಲೇ ಮಗನಿಗೆ ಕೆರೆ ಬಾವಿಗಳ ಮಾತನ್ನು ಬೋಧಿಸಿದಳೆಂದಿರುವುದೂ ಇದೇ ನಾಡಿನ ಸಂಸ್ಕಾರವೇ. ಹೆಸರಿನ ಹಂಬಲವಿಲ್ಲದೆ ಕಟ್ಟಿಸಿದ ಕೆರೆಯನ್ನು ಆಕ್ಷೇಪಿಸುವ ವಚನವನ್ನು ನಾನು ಇದುವರೆಗೆ ಕಂಡಿಲ್ಲ.

ಇನ್ನೊಬ್ಬ ವರ್ತಕರನ್ನು ಇಲ್ಲಿ ಸ್ಮರಿಸದಿದ್ದರೆ ತಾವು ನನ್ನನ್ನು ಕ್ಷಮಿಸಲಾರಿರಿ. ಅವರು ರಾವ್ ಬಹಾದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು. 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರವನ್ನು ನಡೆಸಿ, ರೈಲ್ವೆ ನಿಲ್ದಾಣದ ಎದುರಿಗೆ ಪ್ರಯಾಣಿಕರಿಗಾಗಿ ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು. ನಮ್ಮ ಸಮಾಜದ ವಿದ್ಯಾರ್ಥಿಗಳಿಗೆ ಉಚಿತ ವಸತಿಯನ್ನು ಕಲ್ಪಿಸಿದವರೂ ಅವರೇ. 1910ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯೆಲ್ಲವನ್ನೂ ಧರ್ಮಸಂಸ್ಥೆಗೆ ಒಪ್ಪಿಸಿ, ಸರ್ ಕೆ. ಪಿ. ಪುಟ್ಟಣ್ಣಶೆಟ್ಟರಂತಹ ಸಮರ್ಥರನ್ನು ಅದಕ್ಕೆ ಅಧ್ಯಕ್ಷರನ್ನಾಗಿ ನೇಮಿಸಿದರು. ಆ ಸಂಸ್ಥೆಯು ಇಂದಿಗೂ ನಡೆಯುತ್ತಿದೆ.

ಈ ಇಬ್ಬರ ದಾನಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದಾಗ ನನಗೆ ಒಂದು ಸಂಗತಿಯು ಹೊಳೆಯಿತು. ತೋಟದಪ್ಪನವರ ಛತ್ರಕ್ಕೆ ಪತ್ರವಿತ್ತು, ಧರ್ಮದರ್ಶಿಗಳಿದ್ದರು, ಲೆಕ್ಕದ ಪುಸ್ತಕವಿತ್ತು. ಗೋಡೆ ಬಿರುಕುಬಿಟ್ಟರೆ ಕೇಳುವವರಿದ್ದರು. ಕೆರೆಗೆ ಇವು ಯಾವುವೂ ಇರುವುದಿಲ್ಲ. ಪೂರ್ವಕಾಲದಲ್ಲಿ ಕೆರೆಯನ್ನು ನೋಡಿಕೊಳ್ಳುವವರಿಗೆ ಕಟ್ಟುಗೊಡಗೆಯೆಂದು ಭೂಮಿಯನ್ನು ಬಿಡುತ್ತಿದ್ದರು. ತೂಬನ್ನು ತೆರೆದು ಮುಚ್ಚಲು ನೀರುಗಂಟಿಯಿರುತ್ತಿದ್ದನು. ಬೇಸಗೆಯಲ್ಲಿ ರೈತರೇ ಹೂಳನ್ನೆತ್ತಿ ತಮ್ಮ ಹೊಲಗಳಿಗೆ ಹೊಡೆದುಕೊಳ್ಳುತ್ತಿದ್ದರು. ಕೆರೆಗೆ ಹೊರೆಯಾದದ್ದು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಕಾಲ ಕಳೆದಂತೆ ಈ ಹೊಣೆಯು ಊರಿನವರ ಕೈಬಿಟ್ಟು ಇಲಾಖೆಗಳ ಕೈಸೇರಿತು. ಕೆರೆಯ ಕೆಳಗಿನ ಗದ್ದೆಗಳಲ್ಲಿ ಮನೆಗಳೆದ್ದ ಮೇಲೆ ಆ ನೀರಿನಿಂದ ಹೊಟ್ಟೆ ಹೊರೆಯುವವರೇ ಕಡಮೆಯಾದರು. ಬೇಕೆನ್ನುವವರಿಲ್ಲದ ಸೊತ್ತನ್ನು ಕಾಯುವವರಾರು?

ಬೆಂಗಳೂರಿನ ಒಳಗಿನ ಕೆರೆಗಳ ಗತಿಯನ್ನು ತಾವು ಬಲ್ಲಿರಿ. ತೋಟದಪ್ಪನವರ ಛತ್ರಕ್ಕೆ ಸಮೀಪದಲ್ಲಿಯೇ ಇದ್ದ ಧರ್ಮಾಂಬುಧಿ ಕೆರೆಯು ಈಗ ಕೆಂಪೇಗೌಡ ಬಸ್ ನಿಲ್ದಾಣವಾಗಿದೆ. ಮಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ ಹೋಗಿ ಬೆಳಗ್ಗೆ ನಾವು ಕಾಲಿಡುವುದು ಒಂದು ಕೆರೆಯ ಹೊಟ್ಟೆಯಲ್ಲಿ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಸಿದ್ದಿಕಟ್ಟೆಯ ಮೇಲೆ ಕೃಷ್ಣರಾಜೇಂದ್ರ ಮಾರುಕಟ್ಟೆಯಿದೆ. ಶೆಟ್ಟರ ಕೆರೆಯು ಊರ ಹೊರಗಿದ್ದುದರಿಂದ ಈ ಗತಿಯನ್ನು ತಪ್ಪಿಸಿಕೊಂಡಿತು. ಆದರೆ ಊರು ಅದರ ಬಳಿಗೆ ಬಂದಿತು. ಸರದ ಕೊನೆಯ ಮಣಿಯಾದುದರಿಂದ ಮೇಲಿನ ಬಡಾವಣೆಗಳ ಕೊಚ್ಚೆಯೆಲ್ಲವೂ ಅದಕ್ಕೆ ಇಳಿಯಿತು. ಸಾಬೂನುಪುಡಿಯ ನೀರಿನಲ್ಲಿರುವ ಸತ್ವವನ್ನುಂಡು ಅಂತರಗಂಗೆಯು ಹಬ್ಬುವುದು. ಅದು ಕೊಳೆತಾಗ ನೀರಿನೊಳಗಿನ ಪ್ರಾಣವಾಯುವು ತೀರಿಹೋಗಿ ಮೀನುಗಳು ಸಾಯುವುವು. ಇಷ್ಟಾದರೂ ಹಕ್ಕಿಗಳು ಇನ್ನೂ ಅಲ್ಲಿಗೆ ಬರುತ್ತಿರುವುದು ಅವುಗಳ ಔದಾರ್ಯವೇ ಸರಿ. ಬೆಳ್ಳಂದೂರಿನ ಕೆರೆಯು 2015ರಲ್ಲಿ ನೊರೆಯನ್ನುಗುಳಿ ರಸ್ತೆಯ ಮೇಲೆ ಹಾರಿಸಿದ್ದನ್ನೂ, 2017ರಲ್ಲಿ ಬೆಂಕಿ ಹೊತ್ತಿಕೊಂಡು ಉರಿದದ್ದನ್ನೂ ತಾವು ಚಿತ್ರಗಳಲ್ಲಿ ಕಂಡಿರಬಹುದು. ನೀರು ಉರಿಯಿತೆಂಬುದನ್ನು ಹಿಂದಿನವರು ಬೆಡಗಿನ ವಚನದಲ್ಲಿ ಮಾತ್ರ ಕೇಳಿದ್ದರು.

“ಬೆಂಗಳೂರಿನ ಕೆರೆ ಕೆಟ್ಟರೆ ಮಂಗಳೂರಿಗೇನು?” ಎಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವು ನಮ್ಮ ನೇತ್ರಾವತಿಯಲ್ಲಿಯೇ ಇದೆ. ಸಕಲೇಶಪುರದ ಬಳಿ ನೇತ್ರಾವತಿಗೆ ಬಂದು ಸೇರುವ ಹಳ್ಳಗಳನ್ನು ತಡೆದು, ಸುಮಾರು 24 ಟಿ.ಎಂ.ಸಿ. ನೀರನ್ನು ಪೂರ್ವದ ಬಯಲುಸೀಮೆಗೆ ಎತ್ತಿಕೊಡುವ ಎತ್ತಿನಹೊಳೆ ಯೋಜನೆಯ ಮೊದಲ ಹಂತವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಮೊದಲಾದ ಜಿಲ್ಲೆಗಳಿಗೆ ಆ ನೀರೆಂದು ಹೇಳುವರು. ನಮ್ಮ ಜಿಲ್ಲೆಯಲ್ಲಿ ಅದರ ವಿರುದ್ಧವಾಗಿ ನಡೆದ ಸಭೆ ಸತ್ಯಾಗ್ರಹಗಳಲ್ಲಿ ಈ ಸಭೆಯಲ್ಲಿರುವ ಕೆಲವರೂ ಭಾಗಿಗಳಾಗಿದ್ದಿರಿ. ಯೋಜನೆಯ ಗುಣದೋಷಗಳನ್ನು ತೀರ್ಮಾನಿಸಲು ನಾನು ಎಂಜಿನಿಯರನಲ್ಲ. ಬಾಯಾರಿದವನಿಗೆ ನೀರು ಕೊಡಬಾರದೆಂಬ ಮಾತು ಮಠದ ವೇದಿಕೆಯಿಂದ ಹೊರಡುವುದೂ ಯೋಗ್ಯವಲ್ಲ. ಆದರೆ ಶೆಟ್ಟರಂತಹವರು ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಹಿಡಿದಿಡಲು ಕಟ್ಟಿಸಿದ ಕೆರೆಗಳನ್ನು ಕೊಚ್ಚೆಗುಂಡಿಗಳನ್ನಾಗಿ ಮಾಡಿ, ಅನಂತರ ಘಟ್ಟದ ಹೊಳೆಗಳಿಗೆ ಕೊಳವೆ ಹಾಕುವುದರಲ್ಲಿ ಏನೋ ಒಂದು ಕ್ರಮಭಂಗವಿದೆಯೆಂದು ನನಗೆ ತೋರುತ್ತದೆ. ಶೆಟ್ಟರ ಕೆರೆ ಕೆಟ್ಟದ್ದಕ್ಕೆ ಬೆಲೆ ಕೊಡುವವರಲ್ಲಿ ನಾವೂ ಸೇರಿದ್ದೇವೆ.

ಹಾಗೆಂದು ಬಯಲುಸೀಮೆಯವರನ್ನು ದೂರುತ್ತ ಕುಳಿತರೆ ನಮಗೆ ನಾಚಿಕೆಯಾಗಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 1000 ಮಿಲಿಮೀಟರಿನ ಆಸುಪಾಸಿನದು. ನಮ್ಮ ಮಂಗಳೂರಿನಲ್ಲಿ ಸರಾಸರಿ 3500 ಮಿಲಿಮೀಟರಿನ ಆಸುಪಾಸಿನದು. ಇಷ್ಟು ಮಳೆ ಸುರಿಯುವ ಊರಿನಲ್ಲಿ 2019ರ ಮೇ ತಿಂಗಳಿನಲ್ಲಿ ತುಂಬೆಯ ಅಣೆಕಟ್ಟಿನ ನೀರು ಇಳಿದುಹೋಗಿ, ಸರದಿಯಂತೆ ನೀರು ಕೊಡುವ ಸ್ಥಿತಿಯು ಬಂದೊದಗಿತು. ಕದ್ರಿಯ ಗೋಮುಖದ ನೀರಿನಿಂದ ತುಂಬುವ ಕೆರೆಗಳು, ಮಂಗಳಾದೇವಿಯ ಸಮೀಪದ ಗುಜ್ಜರಕೆರೆ, ಕಾವೂರಿನ ಕೆರೆ, ಗುಡ್ಡಗಳ ನೆತ್ತಿಯ ಮೇಲೆ ಹಿರಿಯರು ಕಟ್ಟಿದ ಮದಕಗಳು, ಇವುಗಳೆಲ್ಲ ಮಳೆಯನ್ನು ನಿಲ್ಲಿಸಿ ಬಾವಿಗಳಿಗೆ ಇಳಿಸುವ ಸಾಧನಗಳೆಂಬುದನ್ನು ಮರೆತು, ಜೂನಿನಲ್ಲಿ ಬಿದ್ದ ನೀರನ್ನು ಜೂನಿನಲ್ಲಿಯೇ ಕಡಲಿಗೆ ಕಳುಹಿಸುವ ಚರಂಡಿಗಳನ್ನು ಮಾತ್ರ ಕಟ್ಟಿದೆವು. ನಮ್ಮ ಬಂಟ್ವಾಳದ ಕಡೆಯ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಗುಡ್ಡವನ್ನು ಕೊರೆದು ಸುರಂಗದಿಂದ ನೀರು ತಂದು, ಬೋಳುಗುಡ್ಡದಲ್ಲಿ ಅಡಕೆ ತೋಟವನ್ನೆಬ್ಬಿಸಿ, 2022ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ನಾವು ಚಪ್ಪಾಳೆ ತಟ್ಟಿದೆವು. ಹಾರೆಯನ್ನು ಹಿಡಿದವರು ಎಷ್ಟು ಜನ?

ಈ ಪ್ರಶ್ನೆಯನ್ನು ನನಗೇ ಮೊದಲು ಕೇಳಿಕೊಳ್ಳಬೇಕಾಗಿದೆ. ಅದಕ್ಕಾಗಿಯೇ ಒಂದು ತಪ್ಪೊಪ್ಪಿಗೆಯನ್ನು ಶ್ರೀಸನ್ನಿಧಿಯಲ್ಲಿ ಮಾಡಿಕೊಳ್ಳುವೆನು. ಶ್ರೀಮಠದ ಈಶಾನ್ಯ ಮೂಲೆಯಲ್ಲಿ ಮುರಕಲ್ಲಿನ ಮೆಟ್ಟಿಲುಗಳಿದ್ದ ಚಿಕ್ಕ ಕೆರೆಯೊಂದಿತ್ತೆಂಬುದು ಇಲ್ಲಿರುವ ಹಿರಿಯರಿಗೆ ನೆನಪಿದೆ. ಇಪ್ಪತ್ತೆರಡು ವರ್ಷಗಳ ಹಿಂದೆ, ದಾಸೋಹದ ಪಂಕ್ತಿಗೆ ಸ್ಥಳ ಸಾಲದೆಂದು ಅದನ್ನು ತುಂಬಿಸುವ ಪ್ರಸ್ತಾವವು ಬಂದಿತು. ಆ ಸಭೆಯ ನಡಾವಳಿಯನ್ನು ಬರೆದವನು ನಾನು. ಅನುಮೋದಿಸಿ ಮಾತನಾಡಿದವನೂ ನಾನೇ. ಅನ್ನದಾನಕ್ಕಿಂತ ಮಿಗಿಲಾದುದಿಲ್ಲವೆಂದು ಶ್ಲೋಕವನ್ನೂ ಹೇಳಿದೆನೆಂದು ನೆನಪು. ಪೇಟೆಯಲ್ಲಿ ಅಡಕೆಯ ವ್ಯಾಪಾರವನ್ನು ಮಾಡುತ್ತಿದ್ದ ಹಿರಿಯ ಭಕ್ತರೊಬ್ಬರು ಮಾತ್ರ ಎದ್ದುನಿಂತು, “ಸ್ವಾಮೀ, ಅನ್ನ ಬೇಯುವುದು ಯಾತರಲ್ಲಿ?” ಎಂದು ಕೇಳಿದರು. ಸಭೆಯು ನಕ್ಕಿತು. ನಾನೂ ನಕ್ಕೆನು. ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಓದಿದವನಿಗಿಂತ ಅಂಗಡಿಯಲ್ಲಿ ತಕ್ಕಡಿ ಹಿಡಿದವರು ಧರ್ಮವನ್ನು ಸರಿಯಾಗಿ ತೂಗಿದ್ದರೆಂಬುದು ಆ ದಿನ ನನಗೆ ತಿಳಿಯಲಿಲ್ಲ.

ಕೆರೆಯು ತುಂಬಿಹೋಯಿತು. ಪಂಕ್ತಿಗೆ ಸ್ಥಳವಾಯಿತು. ಮಠದ ಬಾವಿಯು ಮೊದಲು ಏಪ್ರಿಲಿನಲ್ಲಿ, ಬಳಿಕ ಮಾರ್ಚಿನಲ್ಲಿಯೇ ಬತ್ತತೊಡಗಿತು. 2019ರ ಬೇಸಗೆಯಲ್ಲಿ ದಾಸೋಹದ ಅಡುಗೆಗೆ ನಾವು ಲಾರಿಯ ನೀರನ್ನು ಕ್ರಯಕ್ಕೆ ಕೊಂಡೆವು. ಆ ಹಿರಿಯರು ಅಷ್ಟರಲ್ಲಿ ಲಿಂಗೈಕ್ಯರಾಗಿದ್ದರು. ಬದುಕಿದ್ದಿದ್ದರೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಲಾರಿಯ ಬಾಡಿಗೆಯನ್ನು ತಾವೇ ಕೊಟ್ಟುಬಿಡುತ್ತಿದ್ದರು. ಅಂತಹ ಜೀವ ಅದು. ಈ ಮಹೋತ್ಸವದ ನಿಮಿತ್ತ ಆ ಕೆರೆಯ ಅರ್ಧವನ್ನಾದರೂ ಮತ್ತೆ ತೋಡಿಸಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿರುವರು. ಕಳೆದ ಫಾಲ್ಗುಣದಲ್ಲಿ ಕೆಲಸವು ಪ್ರಾರಂಭವಾಗಿ ಈಗ ಹಳೆಯ ಮೆಟ್ಟಿಲುಗಳಲ್ಲಿ ಏಳು ಕಾಣಿಸಿಕೊಂಡಿವೆ. ಹಿಂದೆ ಹಾಕಿಸಿದ ಮಣ್ಣನ್ನೇ ಈಗ ಇಮ್ಮಡಿ ಕೂಲಿ ಕೊಟ್ಟು ಹೊರಕ್ಕೆ ಹಾಕಿಸುತ್ತಿದ್ದೇವೆ. ಅದರ ಲೆಕ್ಕವನ್ನು ಬರೆಯುತ್ತಿರುವವನೂ ನಾನೇ.

ಈ ಉಪನ್ಯಾಸವನ್ನು ಸಿದ್ಧಪಡಿಸುವುದಕ್ಕೆ ಮುಂಚೆ ಶೆಟ್ಟರ ಕೆರೆಯನ್ನು ಇನ್ನೊಮ್ಮೆ ಕಂಡುಬರಬೇಕೆನ್ನಿಸಿ ಹೋದ ಕಾರ್ತಿಕದಲ್ಲಿ ಬೆಂಗಳೂರಿಗೆ ಹೋಗಿದ್ದೆನು. ಮಳೆಗಾಲ ಕಳೆದ ಹೊಸತು, ನೀರು ತುಂಬಿತ್ತು. ದೂರದಿಂದ ನೋಡಿದರೆ ಕಣ್ಣು ತಣಿಯುವ ಹಾಗಿತ್ತು. ಹತ್ತಿರ ಹೋದಾಗ ಮೂಗಿಗೆ ಬಟ್ಟೆ ಹಿಡಿಯಬೇಕಾಯಿತು. ದಡದಲ್ಲಿ ಎರಡು ಎಮ್ಮೆಗಳನ್ನು ಮೇಯಿಸುತ್ತಿದ್ದ ಮುದುಕಿಯೊಬ್ಬಳಿದ್ದಳು. ಎಮ್ಮೆಗಳು ನೀರಿಗಿಳಿಯದಂತೆ ಕೋಲು ಹಿಡಿದು ತಡೆಯುತ್ತಿದ್ದಳು. ಕೆರೆಯ ಎಮ್ಮೆಯನ್ನು ಕೆರೆಗಿಳಿಯಗೊಡದ ಕಾಲವನ್ನು ನಾನು ಕಂಡದ್ದು ಅದೇ ಮೊದಲು. “ಈ ಶೆಟ್ಟರು ಯಾರೆಂದು ಬಲ್ಲೆಯಾ ತಾಯಿ?” ಎಂದು ಕೇಳಿದೆನು. ತಿಳಿಯದೆಂದಳು, ಹುಟ್ಟಿದಂದಿನಿಂದ ಶೆಟ್ಟಿ ಕೆರೆ ಎನ್ನುತ್ತಿರುವುದೆಂದಳು. ನಾನು ಅಲ್ಲಿಯೇ ಕಲ್ಲಿನ ಮೇಲೆ ಕುಳಿತು, ಎಲೆ ಮಾರಿ ಗಳಿಸಿದ ಹಣದಿಂದ ಒಬ್ಬ ವರ್ತಕರು ಇದನ್ನು ಕಟ್ಟಿಸಿದರೆಂಬ ವೃತ್ತಾಂತವನ್ನು ಹೇಳಿದೆನು. ಆಕೆಯು ಕೋಲೂರಿಕೊಂಡು ಗಮನವಿಟ್ಟು ಕೇಳಿ, ಸ್ವಲ್ಪ ಹೊತ್ತು ನೀರನ್ನು ನೋಡಿದಳು. ಬಳಿಕ ಕೇಳಿದಳು:

“ಅಂಗಾರೆ ಅವ್ರ ಮಕ್ಳು ಮರಿ ಯಾರಾರ ಅವ್ರಾ ಸಾಮಿ? ಇದ್ರೆ ವಸಿ ಹೇಳಿ, ಈ ಗಲೀಜು ಬಿಡೋದ ನಿಲ್ಲಿಸ್ಲಿ ಅಂತ.”

ನಾನು ಏನನ್ನೂ ಹೇಳಲಾರದೆ ಎದ್ದುನಿಂತೆನು. ಅಷ್ಟರಲ್ಲಿ ಒಂದು ಎಮ್ಮೆಯು ಕಣ್ಣುತಪ್ಪಿಸಿ ನೀರಿನ ಕಡೆಗೆ ನಡೆದಿತ್ತು. ಆಕೆಯು ಅದನ್ನು ಕೂಗುತ್ತ ಹಿಂದೆಯೇ ಓಡಿದಳು.